ಪುಲ್ ಅಪ್ ಬಾರದವರಿಗೆ ರಬ್ಬರ್ ಬ್ಯಾಂಡೋ, ಮರದ ರಿಂಗೋ?

ಪುಲ್ ಅಪ್ ಅಂದರೆ ಮೇಲಿನ ಪೈಪ್ ಹಿಡಿದು ಜೋತು, ಗದ್ದ ಅದನ್ನು ದಾಟುವವರೆಗೆ ಮೈಯನ್ನು ಎಳೆಯೋದು. ಅದನ್ನು ಕಲಿಯಲು ಯಾವುದು ವಾಸಿ ಅಂತ ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಿಂಗಿಗೆ. ಎರಡಕ್ಕೂ ದುಡ್ಡು ಕೊಟ್ಟು, ಎರಡನ್ನೂ ತಿಂಗಳುಗಟ್ಟಲೆ ಬಳಸಿದ ಮೇಲೆ ಹೇಳುತ್ತಿರುವ ಮಾತು ಇದು. ಬ್ಯಾಂಡಿಗೆ 2,400 ರೂಪಾಯಿ ಹೋಯಿತು. ಐದು ತಿಂಗಳೂ ಹೋಯಿತು. ದುಡ್ಡಿಗಿಂತ ಆ ಐದು ತಿಂಗಳ ಬಗ್ಗೆಯೇ ನನಗೆ ಜಾಸ್ತಿ ಬೇಜಾರು.

ನಮ್ಮ ಮನೆ ತುಮಕೂರಿನ ಬಟವಾಡಿಯಲ್ಲಿ. ತಾರಸಿ ಮೇಲೆ ಎರಡು ಕಂಬಗಳ ನಡುವೆ ವೆಲ್ಡಿಂಗ್ ಅಂಗಡಿಯವರು ಹಾಕಿಕೊಟ್ಟ ಒಂದು ಜಿಐ ಪೈಪ್ ಇದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ನಾಲ್ಕು ಜನ ಅದರ ಕೆಳಗೆ ಸೇರುತ್ತೇವೆ. ನಾನು, ನನಗೆ 39. ಹದಿಮೂರು ವರ್ಷದ ಮಗಳು. ಕಬಡ್ಡಿ ಆಡುವ ತಮ್ಮ. ಪಕ್ಕದ ಮನೆಯ ಅಕ್ಕ, ಅವರಿಗೆ 56, ಮಂಡಿ ನೋವೂ ಇದೆ. ಒಬ್ಬರ ಶಕ್ತಿಗೂ ಇನ್ನೊಬ್ಬರ ಶಕ್ತಿಗೂ ಅಜಗಜಾಂತರ. ಆದರೂ ಎಲ್ಲರೂ ಒಂದೇ ಕಸರತ್ತು ಮಾಡಬೇಕು, ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸಬೇಕು ಅನ್ನೋದು ನಮ್ಮ ಆಸೆ.

ಹೆಚ್ಚಾಗಿ ಮಾಡೋದು ಕ್ರಾಸ್‌ಫಿಟ್ ಅನ್ನೋ ವ್ಯಾಯಾಮ ಪದ್ಧತಿಯವರ 'ಸಿಂಡಿ' ಅನ್ನೋ ಕಸರತ್ತು. ಐದು ಪುಲ್ ಅಪ್, ಹತ್ತು ಪುಷ್ ಅಪ್, ಹದಿನೈದು ಬಸ್ಕಿ ಸೇರಿದರೆ ಒಂದು ಸುತ್ತು. 20 ನಿಮಿಷದಲ್ಲಿ ಎಷ್ಟು ಸುತ್ತು ಆಗುತ್ತದೋ ಅಷ್ಟು. ಕ್ರಾಸ್‌ಫಿಟ್ ಶುರು ಮಾಡಿದ ಗ್ರೆಗ್ ಗ್ಲಾಸ್‌ಮನ್ ಚಿಕ್ಕ ವಯಸ್ಸಿನಲ್ಲಿ ಜಿಮ್ನಾಸ್ಟಿಕ್ಸ್ ಮಾಡಿದವರು, ಹಾಗಾಗಿ ಸ್ವಂತ ಮೈಭಾರ ಎತ್ತುವ ಕಸರತ್ತಿಗೆ ಅವರಲ್ಲಿ ದೊಡ್ಡ ಜಾಗ ಇದೆ. ಬಸ್ಕಿ, ದಂಡ ನಮ್ಮ ಗರಡಿ ಮನೆಗಳಲ್ಲೂ ಇದ್ದದ್ದೇ. ಪುಷ್ ಅಪ್ ಬಾರದಿದ್ದರೆ ಕೈಯನ್ನು ಪ್ಯಾರಾಪೆಟ್ ಗೋಡೆ ಮೇಲೆ ಇಟ್ಟುಕೊಳ್ಳಬಹುದು. ಬಸ್ಕಿ ಕಷ್ಟವಾದರೆ ಕುರ್ಚಿ ಮೇಲೆ ಕೂತು ಏಳಬಹುದು. ಪುಲ್ ಅಪ್ ಮಾತ್ರ ಹಾಗಲ್ಲ. ಬಂದರೆ ಬಂತು, ಬಾರದಿದ್ದರೆ ಸುಮ್ನೆ ಜೋತಾಡಬೇಕು.

ಅದಕ್ಕೇ ಬ್ಯಾಂಡ್ ತಂದೆ. ಮುಂಚೆ ಹೋಗುತ್ತಿದ್ದ ಜಿಮ್‌ನಲ್ಲಿ ಎಲ್ಲರೂ ಅದನ್ನೇ ಬಳಸುತ್ತಿದ್ದರು. ಬೇರೆ ಬೇರೆ ಅಗಲದ ನಾಲ್ಕು ಬ್ಯಾಂಡ್‌ಗಳ ಸೆಟ್ಟು. ಪೈಪಿಗೆ ಸುತ್ತಿ, ಕೆಳಗೆ ಇಳಿಬಿದ್ದ ಕುಣಿಕೆಯಲ್ಲಿ ಪಾದ ಇಟ್ಟು ಮೈಯನ್ನು ಮೇಲಕ್ಕೆ ಎಳೆಯಬೇಕು. ಮೊದಲ ದಿನವೇ ಐದು ಎಳೆದೆ. ಎಷ್ಟು ಖುಷಿಯಾಯಿತು ಅಂದರೆ ಮಗಳ ಕೈಗೆ ಫೋನ್ ಕೊಟ್ಟು ವಿಡಿಯೊ ಮಾಡಿಸಿಕೊಂಡೆ.

ಐದು ತಿಂಗಳ ನಂತರ ಒಂದು ದಿನ ಬ್ಯಾಂಡ್ ಇಲ್ಲದೆ ಪೈಪ್ ಹಿಡಿದೆ. ಮೊಣಕೈ ಮಡಚಲೇ ಇಲ್ಲ. ಮೊದಲ ದಿನ ಎಲ್ಲಿದ್ದೆನೋ ಅಲ್ಲೇ ಇದ್ದೆ.

ಕಾರಣ ಏನು ಅಂತ ಹಳೆಯ ವಿಡಿಯೊಗಳನ್ನೆಲ್ಲ ಕೂತು ನೋಡಿದೆ. ರಬ್ಬರ್ ಎಷ್ಟು ಉದ್ದಕ್ಕೆ ಹಿಗ್ಗುತ್ತದೋ ಅಷ್ಟು ಜೋರಾಗಿ ವಾಪಸ್ ಎಳೆಯುತ್ತದೆ. ನಾವು ಕೆಳಗೆ ಜೋತಿರುವಾಗ ಅದು ಪೂರ್ತಿ ಹಿಗ್ಗಿರುತ್ತದೆ, ಆದ್ದರಿಂದ ಎಲ್ಲಕ್ಕಿಂತ ಜಾಸ್ತಿ ಸಹಾಯ ಅಲ್ಲೇ. ಮೇಲೆ ಹೋದಂತೆ ಅದು ಕುಗ್ಗುತ್ತದೆ, ಸಹಾಯವೂ ಕುಗ್ಗುತ್ತದೆ. ಗದ್ದ ಪೈಪ್ ದಾಟಬೇಕಾದ ಕೊನೆಯ ನಾಲ್ಕು ಬೆರಳಿನಷ್ಟು ದೂರದಲ್ಲಿ ಅದರ ಸಹಾಯ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ವಿಡಿಯೊದಲ್ಲಿ ಕಂಡದ್ದೂ ಅದೇ. ಕೆಳಗಿನಿಂದ ಅರ್ಧದವರೆಗೆ ಬ್ಯಾಂಡ್ ನನ್ನನ್ನು ಚಿಮ್ಮಿಸುತ್ತಿತ್ತು. ಅಲ್ಲಿಂದ ಮೇಲಕ್ಕೆ ನಾನು ಕತ್ತು ಚಾಚಿ, ಗದ್ದ ಎತ್ತಿ, ಆಯಿತು ಅಂತ ಲೆಕ್ಕ ಹಾಕಿಕೊಳ್ಳುತ್ತಿದ್ದೆ. ಗದ್ದ ಒಂದು ಸಲವೂ ಪೈಪ್ ದಾಟಿರಲಿಲ್ಲ. ಕೆಳಗಿನ ಕೆಲಸ ಬ್ಯಾಂಡ್ ಮಾಡಿತು, ಮೇಲಿನ ಕೆಲಸ ಯಾರೂ ಮಾಡಲಿಲ್ಲ. ಕೈ ಚಾಚಿ ಜೋತಿರುವ ಜಾಗದಿಂದ ಬೆನ್ನು, ಭುಜ ಸೇರಿಸಿ ಮೊದಲ ಎಳೆತ ಎಳೆಯುವ ಶಕ್ತಿ ಬರಬೇಕಿತ್ತಲ್ಲ, ಅದು ಬರಲು ಅವಕಾಶವೇ ಸಿಕ್ಕಿರಲಿಲ್ಲ.

ತೆಳುವಾದ ಬ್ಯಾಂಡಿಗೆ ಬೇಗ ಇಳಿದಿದ್ದರೆ ಸರಿಹೋಗುತ್ತಿತ್ತು ಅಂತ ತಮ್ಮ ಹೇಳಿದ. ಇರಬಹುದು. ಆದರೆ ಸೆಟ್ಟಿನಲ್ಲಿ ಒಂದು ಬ್ಯಾಂಡಿನಿಂದ ಇನ್ನೊಂದಕ್ಕೆ ಇಳಿಯೋದು ದೊಡ್ಡ ಮೆಟ್ಟಿಲು. ದಪ್ಪದರಲ್ಲಿ ಎಂಟು ಬರುತ್ತಿತ್ತು, ಅದರ ಕೆಳಗಿನದರಲ್ಲಿ ಒಂದೂ ಬರುತ್ತಿರಲಿಲ್ಲ. ನಡುವೆ ಏನೂ ಇಲ್ಲ.

ಗುಂಪಿನಲ್ಲಿ ಮಾಡುವಾಗ ಇನ್ನೂ ಕಷ್ಟ. ಮಗಳಿಗೆ ಒಂದು ಬ್ಯಾಂಡ್, ನನಗೆ ಒಂದು. ಪ್ರತಿ ಸುತ್ತಿಗೂ ಬಿಚ್ಚು, ಹಾಕು. 20 ನಿಮಿಷದಲ್ಲಿ ಐದಾರು ನಿಮಿಷ ಅದಕ್ಕೇ ಹೋಗುತ್ತಿತ್ತು. ಅಕ್ಕನಿಗಂತೂ ಕಾಲೆತ್ತಿ ಕುಣಿಕೆಗೆ ಹಾಕಲು ಮಂಡಿ ಬಿಡುತ್ತಿರಲಿಲ್ಲ. "ನೀವು ಮಾಡ್ಕೊಳಿ ಕಣಮ್ಮ, ನಾನು ನೋಡ್ತಾ ಇರ್ತೀನಿ" ಅಂತ ಟ್ಯಾಂಕಿನ ಕಟ್ಟೆ ಮೇಲೆ ಕೂತುಬಿಡುತ್ತಿದ್ದರು. ಅವರು ಹಾಗೆ ಹೊರಗೆ ಉಳಿಯೋದು ನನಗೆ ತುಂಬಾ ನೋವಿನ ವಿಷಯವಾಗಿತ್ತು.

ಕೊನೆಗೆ ಬ್ಯಾಂಡೇ ಕಿತ್ತುಹೋಯಿತು. ತಾರಸಿ ಬಿಸಿಲಲ್ಲಿ ಬಿಟ್ಟಿದ್ದು ನನ್ನ ತಪ್ಪು. ಬಿಸಿಲಿಗೆ ರಬ್ಬರ್ ಸಣ್ಣಗೆ ಬಿರಿಯುತ್ತದೆ. ನನ್ನ ತೊಡೆಗೆ ಬಡಿದು ಒಂದು ವಾರ ನೀಲಿಗಟ್ಟಿತ್ತು. ಮುಖಕ್ಕೆ ಬಡಿದಿದ್ದರೆ? ಬಳಸುವವರು ಪ್ರತಿ ಸಲ ಬ್ಯಾಂಡನ್ನು ಎಳೆದು, ಬಿರುಕು ಇದೆಯಾ ಅಂತ ನೋಡಿ. ನೆರಳಲ್ಲೇ ಇಡಿ.

ಆಮೇಲೆ ತಂದದ್ದು ಮರದ ರಿಂಗ್, ಪಟ್ಟಿಯಿಂದ ಪೈಪಿಗೆ ನೇತುಹಾಕಿ ಕೈಯಲ್ಲಿ ಹಿಡಿಯುವ ಬಳೆಗಳು. ಒಂದು ಜೊತೆ, ಪಟ್ಟಿ ಸಮೇತ 1,650 ರೂಪಾಯಿ. 28 ಮತ್ತು 32 ಮಿಲಿಮೀಟರ್ ದಪ್ಪದವು ಸಿಗುತ್ತವೆ. ಸಣ್ಣ ಕೈಯವರು 28 ತಗೊಳ್ಳಿ, ಒಲಿಂಪಿಕ್ಸ್‌ನಲ್ಲಿ ಬಳಸೋದೂ ಅದೇ ದಪ್ಪ. ಅಲ್ಲಿ ರಿಂಗ್ಸ್ ಸ್ಪರ್ಧೆ ಗಂಡಸರ ವಿಭಾಗದಲ್ಲಿ ಮಾತ್ರ ಇದೆ. ನಮ್ಮ ತಾರಸಿಯಲ್ಲಿ ಅದನ್ನು ಹಿಡಿಯುವವರು ಮೂವರು ಹೆಂಗಸರು.

ರಿಂಗ್‌ನಲ್ಲಿ ಎರಡು ಕಸರತ್ತು ಮಾಡುತ್ತೇವೆ. ಒಂದು ರಿಂಗ್ ರೋ. ರಿಂಗ್ ಹಿಡಿದು, ಮೈಯನ್ನು ಹಲಗೆಯ ಹಾಗೆ ನೆಟ್ಟಗೆ ಇಟ್ಟು, ಹಿಂದಕ್ಕೆ ವಾಲಿ, ಎದೆಯನ್ನು ರಿಂಗಿನ ಹತ್ತಿರ ಎಳೆದುಕೊಳ್ಳೋದು. ಪಾದ ಹಿಂದೆ ಇದ್ದರೆ ಸುಲಭ, ಮುಂದೆ ಹೋದಷ್ಟೂ ಕಷ್ಟ. ತಾರಸಿಗೆ ಒಂದಡಿ ಟೈಲ್ಸ್ ಹಾಕಿಸಿದ್ದೇವೆ. ಈಗ ಅದೇ ನಮ್ಮ ಅಳತೆ. ಅಕ್ಕ ಎರಡನೇ ಟೈಲ್‌ನಲ್ಲಿ ಶುರು ಮಾಡಿದರು. ಸುಸ್ತಾದರೆ "ಅಕ್ಕ, ಅರ್ಧ ಟೈಲ್ ಹಿಂದೆ ಬನ್ನಿ" ಅಂದರೆ ಸಾಕು. ಏನನ್ನೂ ಬಿಚ್ಚಬೇಕಿಲ್ಲ. ಬ್ಯಾಂಡಿನಲ್ಲಿ ಇಲ್ಲದ ನಡುವಿನ ಮೆಟ್ಟಿಲುಗಳೆಲ್ಲ ಇಲ್ಲಿ ಇವೆ.

ಆದರೆ ರೋ ಒಂದನ್ನೇ ಮಾಡಿದರೆ ಪುಲ್ ಅಪ್ ಬರೋದಿಲ್ಲ. ರೋನಲ್ಲಿ ಎಳೆತ ಎದೆಯ ಕಡೆಗೆ, ಪುಲ್ ಅಪ್‌ನಲ್ಲಿ ತಲೆಯ ಮೇಲಿಂದ ಕೆಳಕ್ಕೆ. ಹಾಗಾಗಿ ನನಗೂ ಮಗಳಿಗೂ ಎರಡನೆಯದು. ರಿಂಗಿನ ಕೆಳಗೆ ನೆಲದ ಮೇಲೆ ಕೂತು, ಕೈ ಮೇಲೆ ಚಾಚಿ ಹಿಡಿದು, ಕಾಲು ಮುಂದೆ ಮಡಚಿ ನೆಲಕ್ಕೆ ಊರಿ ಮೈಯನ್ನು ಎಳೆಯಬೇಕು. ಎಷ್ಟು ಬೇಕೋ ಅಷ್ಟೇ ಕಾಲಿನ ಸಹಾಯ. ಕೆಳಗೆ ಕೈಯಿಂದಲೇ ಎಳೆಯುತ್ತೇನೆ, ಮೇಲೆ ಸಿಕ್ಕಿಕೊಂಡಾಗ ಪಾದದಿಂದ ಸ್ವಲ್ಪ ಒತ್ತುತ್ತೇನೆ. ಸಹಾಯ ಎಲ್ಲಿ ಬೇಕು ಅನ್ನೋದು ನನ್ನ ಕೈಯಲ್ಲಿದೆ, ರಬ್ಬರಿನ ಕೈಯಲ್ಲಿ ಇಲ್ಲ. ಒಂದೇ ಕಷ್ಟ, ತನಗೆ ತಾನೇ ಮೋಸ ಮಾಡಿಕೊಳ್ಳಬಾರದು. ಕಾಲೇ ಎಲ್ಲ ಕೆಲಸ ಮಾಡಿದರೆ ಅದು ಇನ್ನೊಂದು ಬಸ್ಕಿ ಅಷ್ಟೇ.

ಎರಡೂ ಕಸರತ್ತಿಗೆ ರಿಂಗ್ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಇದ್ದರೆ ಸಾಕು. ಒಬ್ಬರು ಎಳೆಯುವಾಗ ಇನ್ನೊಬ್ಬರು ಪುಷ್ ಅಪ್‌ನಲ್ಲಿ, ಮತ್ತೊಬ್ಬರು ಬಸ್ಕಿಯಲ್ಲಿ ಇರುತ್ತಾರೆ. ತಮ್ಮ ಪೈಪಿನ ಇನ್ನೊಂದು ತುದಿಯಲ್ಲಿ. ಅಕ್ಕನಿಗೆ ಸುತ್ತಿಗೆ ಮೂರು ರೋ, ಗೋಡೆ ಹಿಡಿದು ಆರು ಪುಷ್ ಅಪ್, ಕುರ್ಚಿ ಮೇಲೆ ಒಂಬತ್ತು ಬಸ್ಕಿ. ಲೆಕ್ಕ ಕಡಿಮೆ, ಕಸರತ್ತಿನ ಹದ ಅದೇ. ಯಾರಿಗೂ ಒಂದು ಸುತ್ತಿನ ಎಳೆತಕ್ಕೆ ಕಾಲು ನಿಮಿಷಕ್ಕಿಂತ ಜಾಸ್ತಿ ಹಿಡಿಯಬಾರದು. ಹಿಡಿದರೆ ಇನ್ನೂ ಸುಲಭ ಮಾಡಬೇಕು ಅಂತ ಅರ್ಥ.

ರಿಂಗಿನ ತೊಂದರೆಗಳೂ ಇವೆ. ಎರಡು ಪಟ್ಟಿ ಸಮ ಮಾಡೋದು ತಲೆನೋವು, ನಾನು ನೈಲ್ ಪಾಲಿಶ್‌ನಿಂದ ಗುರುತು ಹಾಕಿದ್ದೇನೆ. ಮೊದಲ ವಾರ ತುಂಬಾ ಅಲ್ಲಾಡುತ್ತದೆ. ಮಳೆಯಲ್ಲಿ ಬಿಡಬಾರದು.

ಬ್ಯಾಂಡ್, ರಿಂಗ್ ಎರಡೂ ಇಲ್ಲದೆ ಸ್ಟೂಲ್ ಮೇಲಿಂದ ನೆಗೆದು ಮಾಡುವ ಪುಲ್ ಅಪ್ ಕೂಡ ಇದೆ, ಅದಕ್ಕೆ ದುಡ್ಡೇ ಬೇಡ ನಿಜ. ಆದರೆ ಒಂದು ಎಚ್ಚರಿಕೆ. ಜಿಮ್‌ಗೆ ಸೇರಿದ ಮೊದಲ ವಾರವೇ ಅಲ್ಲಿನ ಕೋಚ್ ನನ್ನಿಂದ ನೂರು ಮಾಡಿಸಿದರು, ಪ್ರತಿ ಸಲ ನಿಧಾನ ಇಳಿಯಬೇಕು ಅಂದರು. ನಾಲ್ಕು ದಿನ ಮೊಣಕೈ ನೆಟ್ಟಗಾಗಲಿಲ್ಲ, ಜಡೆ ಹೆಣೆಯಲು ಆಗಲಿಲ್ಲ. ನಿಧಾನ ಇಳಿಯುವಾಗ ಸ್ನಾಯುವಿಗೆ ಆಗುವ ಏಟು ದೊಡ್ಡದು. ಅಭ್ಯಾಸ ಇಲ್ಲದವರು ಅತಿಯಾಗಿ ಮಾಡಿದರೆ ಸ್ನಾಯು ಒಡೆದು ಕಿಡ್ನಿಗೇ ತೊಂದರೆ ಆಗಬಹುದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಈಗ ನಿಧಾನ ಇಳಿಯೋದನ್ನು ಬುಧವಾರ ಮಾತ್ರ, ಮೂರು ಸಲ, ಐದೈದು ಸೆಕೆಂಡ್ ಮಾಡುತ್ತೇನೆ. ಗಡಿಯಾರದ ಜೊತೆ ಓಡುವ ಕಸರತ್ತಿಗೆ ಅದನ್ನು ಸೇರಿಸಬೇಡಿ.

ರಿಂಗ್ ತಂದ ನಾಲ್ಕನೇ ತಿಂಗಳಲ್ಲಿ ನನಗೆ ಮೊದಲ ಪುಲ್ ಅಪ್ ಬಂತು. ಗದ್ದ ಪೈಪ್ ದಾಟಿದ್ದನ್ನು ಅಕ್ಕನೇ ಪಕ್ಕದಲ್ಲಿ ನಿಂತು ನೋಡಿದರು. "ಬಂತು ಕಣೇ, ಬಂತು!" ಅಂತ ಕೂಗಿದ್ದು ಕೆಳಗಿನ ರಸ್ತೆಗೂ ಕೇಳಿಸಿತು. ಈಗ ಮೂರು ಬರುತ್ತದೆ.

ನೀವು ಒಬ್ಬರೇ ಮಾಡುವವರಾಗಿದ್ದು, ನಾಲ್ಕೈದು ಪುಲ್ ಅಪ್ ಆಗಲೇ ಬರುತ್ತಿದ್ದರೆ, ಕೊನೆಯ ಸುತ್ತುಗಳಿಗೆ ಒಂದು ತೆಳು ಬ್ಯಾಂಡ್ ಸಾಕು. ಪೂರ್ತಿ ಸೆಟ್ಟು ಬೇಡ. ಒಂದೂ ಬಾರದವರು, ಮನೆಮಂದಿಯ ಜೊತೆ ಮಾಡುವವರು, ಎರಡು ಸಾವಿರದ ಒಳಗೆ ಮುಗಿಸಬೇಕು ಅನ್ನುವವರು ರಿಂಗ್ ತಗೊಳ್ಳಿ. ಬಾಡಿಗೆ ಮನೆಯಾದರೆ ಪೈಪ್ ಹಾಕಿಸುವ ಮುಂಚೆ ಓನರ್‌ನ ಕೇಳಿ. ತಮ್ಮ ಜೋತು ಬಿದ್ದು ನಾಲ್ಕು ಸಲ ಜಗ್ಗಿ ನೋಡುವವರೆಗೂ ನಾನು ಮಗಳನ್ನು ನಮ್ಮ ಪೈಪಿನ ಹತ್ತಿರ ಬಿಟ್ಟಿರಲಿಲ್ಲ.