ಆರು ತಿಂಗಳು ಆ್ಯಂಟಿಆಕ್ಸಿಡೆಂಟ್ ಗುಳಿಗೆ ತಗೊಂಡೆ: ಸಕ್ಕರೆ ಕಾಯಿಲೆ ಇರುವವರು ಕೊಳ್ಳುವ ಮೊದಲು ಓದಿ

ಐದರಲ್ಲಿ ಎರಡು ಸ್ಟಾರ್. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ಗುಳಿಗೆಗೆ ಬಂದಿರುವ ರಿವ್ಯೂಗಳನ್ನೆಲ್ಲ ಓದಿದೆ, ಸಕ್ಕರೆ ಕಾಯಿಲೆ ಇರುವವರು ಬರೆದದ್ದು ಒಂದೂ ಸಿಗಲಿಲ್ಲ. ನನಗೆ ಟೈಪ್ 2 ಬಂದು 11 ವರ್ಷ ಆಯಿತು. ರಾತ್ರಿ ಇನ್ಸುಲಿನ್ ತಗೊಳ್ಳುತ್ತೇನೆ, ತೋಳಿನ ಮೇಲೆ ಸಕ್ಕರೆ ಅಳೆಯುವ ಸೆನ್ಸರ್ ಇದೆ.

ನೀರಿಗೆ ಹಾಕಿದರೆ ನೊರೆ ಬಂದು ಕರಗುವ ಗುಳಿಗೆ ಇದು. ಒಂದರಲ್ಲಿ 1000 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ಸ್ವಲ್ಪ ಜಿಂಕ್, ಸೆಲೆನಿಯಂ, ವಿಟಮಿನ್ ಇ. ಡಬ್ಬಿಯ ಮೇಲೆ ರೋಗನಿರೋಧಕ ಶಕ್ತಿಗೆ ರಕ್ಷಾಕವಚ ಅಂತ ದೊಡ್ಡದಾಗಿ ಬರೆದಿದೆ. ಸಕ್ಕರೆ ಹಾಕಿಲ್ಲ, ಹುಳಿ ಹದವಾಗಿದೆ, ಹೊಟ್ಟೆ ಕೆಡಲಿಲ್ಲ. ಇದೇ ಕೆಲಸಕ್ಕೆ ಅಂತ ಮಾರುವ ಸಿರಪ್ಪು, ಜಗಿಯುವ ಗುಳಿಗೆಗಳಲ್ಲಿ ಎಷ್ಟೋ ಸಲ ಸಕ್ಕರೆ ತುಂಬಿರುತ್ತದೆ, ಹಾಗಾಗಿ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ, ಒಂದು ಸ್ಟಾರ್ ಅದಕ್ಕೇ. ಆದರೆ ನೊರೆ ಬರಿಸುವುದು ಸೋಡಿಯಂ ಉಪ್ಪು. ಬಿಪಿ ಕೂಡ ಇರುವವರು ಡಬ್ಬಿಯ ಹಿಂದೆ ಸೋಡಿಯಂ ಎಷ್ಟಿದೆ ಅಂತ ನೋಡಿಕೊಳ್ಳಿ.

ನಾನು ಕೊಂಡದ್ದು ಹೆದರಿಕೆಯಿಂದ. ಹೋದ ವರ್ಷ ಫ್ಲೂ ಬಂದು ಮೂರು ವಾರ ಎದ್ದಿರಲಿಲ್ಲ, ಮನೆಯಲ್ಲಿ ಬೇರೆಯವರು ನಾಲ್ಕೇ ದಿನದಲ್ಲಿ ಓಡಾಡುತ್ತಿದ್ದರು. ಈ ಹೆದರಿಕೆ ಸುಮ್ನೆ ಬಂದದ್ದಲ್ಲ. 2020ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ಸತ್ತವರ ಲೆಕ್ಕ ತೆಗೆದಾಗ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು. ಅದನ್ನು ಓದಿದ ಮೇಲೆ ಯಾವ ಡಬ್ಬಿ ಕಂಡರೂ ಕೈ ಹೋಗುತ್ತದೆ, ಅಲ್ವಾ?

ಇದರ ಹಿಂದಿರುವ ತರ್ಕ ಪೂರ್ತಿ ಸುಳ್ಳೂ ಅಲ್ಲ. ರಕ್ತದಲ್ಲಿ ಸಕ್ಕರೆ ಏರಿದಾಗ ಜೀವಕೋಶದ ಒಳಗೆ ಅಕ್ಕಪಕ್ಕದ್ದನ್ನು ಕೆಡಿಸುವ ಚುರುಕು ಕಣಗಳಾದ ಫ್ರೀ ರ್‍ಯಾಡಿಕಲ್‌ಗಳು ಜಾಸ್ತಿ ಹುಟ್ಟುತ್ತವೆ. ಅದೇ ಹೊತ್ತಿಗೆ ಅವನ್ನು ಅಡಗಿಸುವ ದೇಹದ ಸ್ವಂತ ಆ್ಯಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್‌ಗೆ ಮತ್ತೆ ಶಕ್ತಿ ತುಂಬುವ ಸಾಮಗ್ರಿಯೂ ಖಾಲಿ ಆಗುತ್ತದೆ, ಯಾಕೆಂದರೆ ಹೆಚ್ಚಾದ ಸಕ್ಕರೆಯನ್ನು ಸಾರ್ಬಿಟಾಲ್ ಅನ್ನುವ ಇನ್ನೊಂದು ವಸ್ತುವಾಗಿ ಮಾಡುವುದಕ್ಕೂ ಅದೇ ಸಾಮಗ್ರಿ ಬೇಕು. ವಿಟಮಿನ್ ಸಿಯ ಒಂದು ರೂಪ ಜೀವಕೋಶದೊಳಗೆ ಹೋಗುವ ಬಾಗಿಲೂ ಸಕ್ಕರೆ ಹೋಗುವ ಬಾಗಿಲೂ ಒಂದೇ, ಸಕ್ಕರೆ ಜಾಸ್ತಿ ಇದ್ದರೆ ವಿಟಮಿನ್ ಹೊರಗೆ ಕಾಯಬೇಕಾಗುತ್ತದೆ. ಹಾಗಾಗಿ ನಮ್ಮ ಮೈಯಲ್ಲಿ ಕೊರತೆ ಇರಬಹುದು ಅನ್ನುವುದು ಒಪ್ಪುವ ಮಾತೇ. ಆದರೆ ಕೊರತೆ ಇದೆ ಅಂತ ಬಕೆಟ್‌ಗಟ್ಟಲೆ ಸುರಿದರೆ ಸರಿ ಹೋಗುತ್ತದೆ ಅಂತ ಅಲ್ಲ. ಬಾಗಿಲನ್ನು ತಡೆದು ನಿಂತಿರುವುದು ಸಕ್ಕರೆ, ಅದನ್ನು ಇಳಿಸದೆ ಹೊರಗೆ ಎಷ್ಟು ಜನರನ್ನು ನಿಲ್ಲಿಸಿದರೆ ಏನು? ಇನ್ನೊಂದು ವಿಷಯವೂ ಇದೆ, ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದಕ್ಕೆ ಇಂಥದೇ ಫ್ರೀ ರ್‍ಯಾಡಿಕಲ್‌ಗಳನ್ನು ತಾವೇ ಹುಟ್ಟಿಸುತ್ತವೆ. ಇವು ಬರೀ ಶತ್ರುಗಳಲ್ಲ.

ಆರು ತಿಂಗಳಲ್ಲಿ ನನಗೆ ಎರಡು ಸಲ ನೆಗಡಿ ಬಂತು. ಮುಂಚೆಯೂ ಅಷ್ಟೇ ಬರುತ್ತಿತ್ತು. ಒಬ್ಬನ ಅನುಭವದಿಂದ ಏನೂ ತೀರ್ಮಾನ ಆಗುವುದಿಲ್ಲ ಅಂತ ಗೊತ್ತು, ಅದಕ್ಕೇ ಸ್ವಲ್ಪ ಓದಿದೆ. ವಿಟಮಿನ್ ಸಿ ಮತ್ತು ನೆಗಡಿಯ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ 2013ರಲ್ಲಿ ಕೋಕ್ರೇನ್ ಅನ್ನುವ ವೈದ್ಯಕೀಯ ಸಂಶೋಧಕರ ಸಂಸ್ಥೆಯ ವಿಮರ್ಶೆ ಒಟ್ಟು ಸೇರಿಸಿ ನೋಡಿತು. ದಿನಾ ತಗೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಡಿಮೆ ಆಗಲಿಲ್ಲ, ಬಂದ ನೆಗಡಿ ದೊಡ್ಡವರಲ್ಲಿ ಸುಮಾರು 8% ಬೇಗ ಹೋಯಿತು. ಅಂದರೆ ಏಳು ದಿನದ ನೆಗಡಿಯಲ್ಲಿ ಅರ್ಧ ದಿನ. ನೆಗಡಿ ಶುರುವಾದ ಮೇಲೆ ತಗೊಂಡವರಲ್ಲಿ ಅಷ್ಟು ಲಾಭವೂ ಖಚಿತವಾಗಿ ಕಾಣಲಿಲ್ಲ. ಕೋವಿಡ್‌ಗೆ ದಿನಕ್ಕೆ 8000 ಮಿಲಿಗ್ರಾಂ ವಿಟಮಿನ್ ಸಿ, 50 ಮಿಲಿಗ್ರಾಂ ಜಿಂಕ್ ಕೊಟ್ಟು ನೋಡಿದ ಪ್ರಯೋಗವನ್ನು ಪ್ರಯೋಜನ ಕಾಣದೆ ಅರ್ಧಕ್ಕೇ ನಿಲ್ಲಿಸಿದರು, 2021ರಲ್ಲಿ ಅದು ಪ್ರಕಟವಾಯಿತು.

ನಮಗೆ ಆಸೆ ಹುಟ್ಟಿಸುವ ಪ್ರಯೋಗವೂ ಒಂದಿದೆ, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. 2003ರಲ್ಲಿ ಅಮೆರಿಕದಲ್ಲಿ 130 ಜನರಿಗೆ ಒಂದು ವರ್ಷ ಸಾಧಾರಣ ಮಲ್ಟಿವಿಟಮಿನ್ ಅಥವಾ ಅದರಂತೆಯೇ ಕಾಣುವ ಖಾಲಿ ಗುಳಿಗೆ ಕೊಟ್ಟು ನೋಡಿದ್ದರು. ಅವರಲ್ಲಿ 51 ಜನ ಟೈಪ್ 2 ಇದ್ದವರು. ಖಾಲಿ ಗುಳಿಗೆ ತಗೊಂಡ ಸಕ್ಕರೆ ಕಾಯಿಲೆಯವರಲ್ಲಿ 93% ಮಂದಿಗೆ ಏನಾದರೂ ಸೋಂಕು ಬಂದಿತ್ತು, ವಿಟಮಿನ್ ತಗೊಂಡವರಲ್ಲಿ 17% ಮಾತ್ರ. ಓದಿದಾಗ ನನಗೂ ಮೈ ಜುಮ್ ಅಂತು. ಆದರೆ ಅದು 51 ಜನರ ಕಥೆ, ಕೊಟ್ಟದ್ದು ಸಾಧಾರಣ ಪ್ರಮಾಣ. ನನ್ನ ಕೈಯಲ್ಲಿದ್ದ ಡಬ್ಬಿಯ ಹಾಗೆ ಒಂದು ದಿನಕ್ಕೆ ಬೇಕಾದ್ದರ ಹತ್ತು ಪಟ್ಟಿಗಿಂತ ಜಾಸ್ತಿ ವಿಟಮಿನ್ ಸಿ ಅಲ್ಲ.

ಈಗ ಸೆನ್ಸರ್ ವಿಷಯಕ್ಕೆ ಬರುತ್ತೇನೆ. ಈ ರಿವ್ಯೂ ಬರೆಯಲು ಕೂತದ್ದೇ ಇದಕ್ಕೆ.

ಎರಡನೇ ತಿಂಗಳಿಂದ ನನ್ನ ಸೆನ್ಸರ್ ಓದು, ಅಂದರೆ ಅದು ತೋರಿಸುವ ಸಕ್ಕರೆ ಸಂಖ್ಯೆ, ಯಾವಾಗಲೂ ಸ್ವಲ್ಪ ಮೇಲೆ ಇರಲು ಶುರುವಾಯಿತು. ತಿಂದದ್ದು ಅದೇ, ನಡೆದದ್ದು ಅಷ್ಟೇ, ನಿದ್ದೆಯೂ ಸರಿ ಇತ್ತು. ಒಂದು ರಾತ್ರಿ 205 ತೋರಿಸಿತು ಅಂತ ಇನ್ಸುಲಿನ್ ಎರಡು ಯೂನಿಟ್ ಏರಿಸಿದೆ. ಬೆಳಗಿನ ಜಾವ ಬೆವರು, ಕೈ ನಡುಕ, ಎದೆ ಡವಡವ. ಬೆರಳು ಚುಚ್ಚಿ ನೋಡಿದರೆ 64, ಸೆನ್ಸರ್ ಮಾತ್ರ 85 ಅನ್ನುತ್ತಿತ್ತು, ಆ ಸಂಖ್ಯೆ ನಂಬಿ ಮತ್ತೆ ಮಲಗಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಯೋಚನೆ ಬರುತ್ತದೆ. ಎರಡು ದಿನ ಆದ ಮೇಲೆ ಸೆನ್ಸರಿನ ಜೊತೆ ಬಂದ ಪುಸ್ತಕ ತೆಗೆದು ಸಣ್ಣ ಅಕ್ಷರ ಓದಿದೆ. ದಿನಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ವಿಟಮಿನ್ ಸಿ ತಗೊಂಡರೆ ಓದು ಸುಳ್ಳಾಗಿ ಏರಬಹುದು ಅಂತ ಸ್ಪಷ್ಟವಾಗಿ ಬರೆದಿತ್ತು. ಚರ್ಮದ ಅಡಿ ಇರುವ ತಂತಿ ಸಕ್ಕರೆಯಿಂದ ಹುಟ್ಟುವ ಪುಟ್ಟ ವಿದ್ಯುತ್ತನ್ನು ಅಳೆಯುತ್ತದೆ, ವಿಟಮಿನ್ ಸಿ ಕೂಡ ಅಲ್ಲಿ ಅಂಥದೇ ವಿದ್ಯುತ್ತು ಕೊಡುತ್ತದೆ, ಸೆನ್ಸರ್ ಅದನ್ನೂ ಸಕ್ಕರೆ ಅಂದುಕೊಳ್ಳುತ್ತದೆ. ಎಲ್ಲ ಸೆನ್ಸರ್‌ಗಳ ಮಿತಿ ಒಂದೇ ಅಲ್ಲ, ನಿಮ್ಮದರ ಪುಸ್ತಕ ನೋಡಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಗುಳಿಗೆಯ ಡಬ್ಬಿಯ ಮೇಲೆ ಒಂದು ಸಾಲೂ ಇಲ್ಲ. ಕಂಪನಿಗೆ ಬರೆದು ಕೇಳಿದೆ, ಉತ್ಪನ್ನ ಸುರಕ್ಷಿತ ಅಂತ ಎರಡು ಸಾಲಿನ ಉತ್ತರ ಬಂತು, ಸೆನ್ಸರ್ ಪ್ರಶ್ನೆಗೆ ಉತ್ತರವೇ ಇಲ್ಲ. ಎರಡು ಸ್ಟಾರ್ ಅಲ್ಲೇ ಹೋದವು. ಗುಳಿಗೆ ನಿಲ್ಲಿಸಿದ ಮೇಲೆ ಸೆನ್ಸರ್ ಮತ್ತು ಬೆರಳಿನ ಓದು ಮತ್ತೆ ಹತ್ತಿರ ಬಂದವು.

ಡಬ್ಬಿಯಲ್ಲಿರುವ ಉಳಿದವುಗಳ ಬಗ್ಗೆ ಎರಡು ಮಾತು. ಸೆಲೆನಿಯಂ ಬಗ್ಗೆ ನಾವು ಇನ್ನೂ ಜಾಸ್ತಿ ಎಚ್ಚರ ಇರಬೇಕು: ದಿನಕ್ಕೆ 200 ಮೈಕ್ರೊಗ್ರಾಂ ವರ್ಷಗಟ್ಟಲೆ ಕೊಟ್ಟ ಒಂದು ಅಮೆರಿಕನ್ ಪ್ರಯೋಗದಲ್ಲಿ ಹೊಸದಾಗಿ ಟೈಪ್ 2 ಬಂದವರೇ ಹೆಚ್ಚಾದರು ಅಂತ 2007ರಲ್ಲಿ ಬರೆದರು. ವಿಟಮಿನ್ ಇ ಬಗ್ಗೆ 2002ರ ಡಚ್ ಪ್ರಯೋಗದಲ್ಲಿ, 60 ದಾಟಿದವರಿಗೆ ದಿನಾ 200 ಮಿಲಿಗ್ರಾಂ ಕೊಟ್ಟಾಗ ಉಸಿರಾಟದ ಸೋಂಕು ಕಡಿಮೆ ಆಗಲಿಲ್ಲ, ಬಂದದ್ದು ಇನ್ನೂ ಜೋರಾಗಿ ಕಾಡಿತು. ಜಿಂಕ್ ದೊಡ್ಡ ಪ್ರಮಾಣದಲ್ಲಿ ಬಹಳ ದಿನ ತಗೊಂಡರೆ ತಾಮ್ರದ ಕೊರತೆ ಆಗಬಹುದು. ಕಿಡ್ನಿ ಸ್ವಲ್ಪ ಸೋತಿರುವವರು, ಕಲ್ಲಿನ ತೊಂದರೆ ಇದ್ದವರು ದೊಡ್ಡ ಪ್ರಮಾಣದ ವಿಟಮಿನ್ ಸಿಯನ್ನು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಮೂರನೇ ಸ್ಟಾರ್ ಹೋದದ್ದು ಆ ರಕ್ಷಾಕವಚ ಅನ್ನುವ ಮಾತಿಗೆ. ಕವಚ ಇದೆಯಲ್ಲ ಅಂತ ನಾನು ಆ ವರ್ಷದ ಫ್ಲೂ ಲಸಿಕೆಯನ್ನು ಮುಂದೆ ಹಾಕುತ್ತಾ ಹೋದೆ. ಅದು ನನ್ನದೇ ತಪ್ಪು, ಆದರೆ ಆ ಮಾತು ನನ್ನಂಥ ಹೆದರಿದವರ ಮೇಲೆ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಬೇಕು. ಗುಳಿಗೆ ನಿಲ್ಲಿಸಿದ ವಾರವೇ ಹೋಗಿ ಫ್ಲೂ ಲಸಿಕೆ ಹಾಕಿಸಿಕೊಂಡೆ, ನ್ಯುಮೋನಿಯಾದ ನ್ಯೂಮೊಕಾಕಲ್ ಲಸಿಕೆ ಬಗ್ಗೆಯೂ ಕೇಳಿದೆ.

ಜ್ವರ ಬಂದರೆ ಏನು ಮಾಡಬೇಕು ಅಂತ ವೈದ್ಯರ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಜ್ವರದಲ್ಲಿ ಊಟ ಸೇರದಿದ್ದರೂ ಸಕ್ಕರೆ ಏರಬಹುದು, ಆದ್ದರಿಂದ ರಾತ್ರಿಯ ಇನ್ಸುಲಿನ್ ನಾನಾಗಿ ನಿಲ್ಲಿಸುವ ಹಾಗಿಲ್ಲ. ನಾಲ್ಕು ಗಂಟೆಗೊಮ್ಮೆ ಬೆರಳಿನಿಂದ ನೋಡಬೇಕು. ನೀರು ಜಾಸ್ತಿ ಕುಡಿಯಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಸಕ್ಕರೆ ಮಾತ್ರೆ ತಗೊಳ್ಳುವವರಿಗೆ ವಾಂತಿಯಾದಾಗ, ಊಟ ಬಿಟ್ಟಾಗ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳುತ್ತಾರೆ, ಯಾಕೆಂದರೆ ಸಕ್ಕರೆ ತೀರಾ ಏರದೆಯೇ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಅಪಾಯದ ಮಟ್ಟಕ್ಕೆ ಏರಬಹುದು. ನಿಮ್ಮ ಹಾಳೆಯಲ್ಲಿ ಏನಿರಬೇಕು ಅಂತ ನಿಮ್ಮ ವೈದ್ಯರನ್ನೇ ಕೇಳಿ.

ಈಗಾಗಲೇ ಕೊಂಡಿದ್ದೀರಾ, ಸೆನ್ಸರ್ ಹಾಕಿದ್ದೀರಾ? ಹಾಗಿದ್ದರೆ ಸೆನ್ಸರ್ ಸಂಖ್ಯೆ ನೋಡಿ ಇನ್ಸುಲಿನ್ ಏರಿಸುವ ಮೊದಲು ಒಮ್ಮೆ ಬೆರಳು ಚುಚ್ಚಿ ನೋಡಿ, ಇವತ್ತು ರಾತ್ರಿಯಿಂದಲೇ.