ಕೌಚ್ ಟು 5ಕೆ: 9 ವಾರದ ಪ್ಲ್ಯಾನ್, ನನಗೆ ಹಿಡಿದದ್ದು 13

ಬೆಂಗಳೂರಿನ ವರ್ಲ್ಡ್ 10ಕೆ (10 ಕಿ.ಮೀ. ಓಟ) ಒಂದು ಸಲವಾದರೂ ಓಡಬೇಕು, ಕಾಲು ಒಪ್ಪಿದರೆ ಆಮೇಲೆ ಹಾಫ್ ಮ್ಯಾರಥಾನ್, ಅಂತ ಆಸೆ. ವಯಸ್ಸು 43. ಕೂತು ಮಾಡುವ ಕೆಲಸ. ಹೋದ ವರ್ಷ ಹುಮ್ಮಸ್ಸಿನಲ್ಲಿ ಮೊದಲ ದಿನವೇ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಪೂರ್ತಿ ಒಂದು ಸುತ್ತು ಏದುಸಿರು ಬಿಡುತ್ತಾ ಓಡಿದೆ, ನಾಲ್ಕನೇ ದಿನಕ್ಕೆ ಮಂಡಿ ಕೆಳಗಿನ ಮೂಳೆ ಹಿಡಿದುಕೊಂಡು ಕೂತೆ. ಶಿನ್ ಸ್ಪ್ಲಿಂಟ್ಸ್ ಅಂದರು ಫಿಸಿಯೋ. ಉಸಿರು ಕೆಲವೇ ವಾರಗಳಲ್ಲಿ ಹಿಡಿತಕ್ಕೆ ಬರುತ್ತದಂತೆ, ಮೂಳೆ, ಸ್ನಾಯುಗಳ ತುದಿ ಗಟ್ಟಿಯಾಗಲು ತಿಂಗಳುಗಳೇ ಬೇಕಂತೆ. ಅದಕ್ಕೇ ಈ ಸಲ ಕೌಚ್ ಟು 5ಕೆ ಹಿಡಿದೆ, ಅಂದರೆ ಸೋಫಾ ಮೇಲೆ ಕೂತವರನ್ನು ನಿಧಾನವಾಗಿ 5 ಕಿ.ಮೀ. ಓಟಕ್ಕೆ ತರುವ ಪ್ಲ್ಯಾನ್.

ಇದನ್ನು 1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕದವರು ಮಾಡಿದ್ದು. ವಾರಕ್ಕೆ ಮೂರೇ ದಿನ, ದಿನಕ್ಕೆ ಅರ್ಧ ಗಂಟೆ. ಮೊದಲ ವಾರ 5 ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ 20 ನಿಮಿಷ. ಅಷ್ಟೇ! ನನಗೆ ನಾಚಿಕೆಯಾಯಿತು, ಪಕ್ಕದಲ್ಲಿ ವಾಕಿಂಗ್ ಮಾಡುತ್ತಿದ್ದ ಅಜ್ಜಂದಿರು ನಾನು ನಡೆಯುವಾಗೆಲ್ಲ ನನ್ನನ್ನು ದಾಟಿ ಹೋಗುತ್ತಿದ್ದರು. ಆದರೆ ಈ ಪ್ಲ್ಯಾನಿನ ಜಾಣತನ ಇರುವುದೇ ಆ ನಾಚಿಕೆಯಲ್ಲಿ. ಇನ್ನೂ ಸ್ವಲ್ಪ ಓಡೋಣ ಅನಿಸುವಾಗಲೇ ನಿಲ್ಲಿಸಿಬಿಡುತ್ತದೆ, ಮಾರನೇ ದಿನ ರಜೆ ಕೊಡುತ್ತದೆ. ಮೂರನೇ ವಾರ ಮುಗಿದರೂ ಕಾಲು ನೋವೇ ಇಲ್ಲ, ಹೋದ ವರ್ಷ ಇಷ್ಟೊತ್ತಿಗೆ ನಾನು ಐಸ್ ಪ್ಯಾಕ್ ಹಿಡಿದು ಸೋಫಾ ಮೇಲಿದ್ದೆ.

ವೇಳಾಪಟ್ಟಿ ಪುಕ್ಕಟೆ ಸಿಗುತ್ತದೆ. ನಾನು ಮೊದಲು ಒಂದು ಆ್ಯಪ್ ಹಾಕಿಕೊಂಡೆ, ಹೆಸರು ಬೇಡ ಬಿಡಿ, ಓಟದ ಮಧ್ಯೆ ಜಾಹೀರಾತು ಕೂಗುತ್ತಿತ್ತು. ತೆಗೆದು ಹಾಕಿ, ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಂಡು ಕೈಗಡಿಯಾರ ನೋಡಿಕೊಂಡೇ ಓಡಿದೆ.

ಆ ಆ್ಯಪ್ ಮೇಲೆ ಇನ್ನೊಂದು ತಕರಾರಿದೆ. ಬಿಪಿ ಇದೆಯಾ, ಮನೆಯಲ್ಲಿ ಯಾರಿಗಾದರೂ ಹಾರ್ಟ್ ತೊಂದರೆ ಇತ್ತಾ, ಒಂದನ್ನೂ ಕೇಳಲಿಲ್ಲ. ನಮ್ಮ ತಂದೆಗೆ 52ಕ್ಕೆ ಹಾರ್ಟ್ ಅಟ್ಯಾಕ್ ಆಗಿತ್ತು. ಹಾಗಾಗಿ ನಾನು ಶೂ ಅಂಗಡಿಗಿಂತ ಮೊದಲು ಡಾಕ್ಟರ ಹತ್ತಿರ ಹೋದೆ. ಬಿಪಿ, ಶುಗರ್, ಇಸಿಜಿ ನೋಡಿದರು, ತಂದೆಯ ವಿಷಯ ಕೇಳಿ ಟಿಎಂಟಿಯನ್ನೂ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಮಾಡಿಸಿದರು. ಎದೆ ಬಿಗಿದರೆ, ತಲೆ ಸುತ್ತಿದರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಬನ್ನಿ, ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರಬೇಡಿ ಎಂದರು. ಮನೆಯಲ್ಲಿ ಇದೇ ಇತಿಹಾಸ ಇರುವವರು, 40 ದಾಟಿ ಹೊಸದಾಗಿ ಶುರು ಮಾಡುವವರು ದಯವಿಟ್ಟು ಇದನ್ನು ಬಿಡಬೇಡಿ.

ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಕಾಲ್ಬೆರಳ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಸುಮ್ನೆ ದುಬಾರಿಯದ್ದೇ ಬೇಕಂತಿಲ್ಲ.

ಈಗ ಪ್ಲ್ಯಾನಿನ ದೊಡ್ಡ ಎಡವಟ್ಟಿಗೆ ಬರೋಣ, ಐದನೇ ವಾರ. ಎರಡನೇ ದಿನ 8 ನಿಮಿಷ ಓಟ, 5 ನಿಮಿಷ ನಡಿಗೆ, ಮತ್ತೆ 8. ಮೂರನೇ ದಿನ? ಒಂದೇ ಉಸಿರಿಗೆ 20 ನಿಮಿಷ! ನಾನು 13ಕ್ಕೇ ಕೈ ಚೆಲ್ಲಿದೆ. ಆ ವಾರವನ್ನು ಮೂರು ಸಲ ಮಾಡಿದೆ, ಮಧ್ಯೆ 12, 15 ಅಂತ ನಾನೇ ಮೆಟ್ಟಿಲು ಹಾಕಿಕೊಂಡೆ. ಆಮೇಲೆ ಗೊತ್ತಾಯಿತು, ನಾನು ಜಾಸ್ತಿ ಜೋರಾಗಿ ಓಡುತ್ತಿದ್ದೆ. ಓಡುತ್ತಾ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ನಿಧಾನ ಮಾಡಬೇಕು. ಹಾಗೆ ಮಾಡಿದ ದಿನ 20 ನಿಮಿಷ ಮುಗಿಯಿತು, ಕೆರೆ ಏರಿ ಮೇಲೆ ಒಬ್ಬನೇ ನಕ್ಕೆ.

ಇನ್ನೊಂದು, ಕೊನೆಯ ವಾರದ 30 ನಿಮಿಷದಲ್ಲಿ ಎಲ್ಲರಿಗೂ 5 ಕಿ.ಮೀ. ಆಗುವುದಿಲ್ಲ. ನನಗೆ 4 ಆಗುತ್ತದೆ. ಹೆಸರು ನೋಡಿ ಮೋಸ ಹೋದೆ ಅನಿಸಬಹುದು, ನನಗೇನೂ ಬೇಜಾರಿಲ್ಲ. ತೊಡೆ, ಮೀನಖಂಡಕ್ಕೆ ಬಲ ಕೊಡುವ ವ್ಯಾಯಾಮವೂ ಇದರಲ್ಲಿಲ್ಲ, ಫಿಸಿಯೋ ಹೇಳಿಕೊಟ್ಟ ಬೈಠಕ್ ಮತ್ತು ಹಿಮ್ಮಡಿ ಎತ್ತುವುದನ್ನು ರಜೆ ದಿನ ಮಾಡುತ್ತೇನೆ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಏನು ಮಾಡಬೇಕು ಅಂತ ಯಾವ ಪ್ಲ್ಯಾನಿನಲ್ಲೂ ಇಲ್ಲ, ಅಲ್ವಾ? ನಾನಂತೂ ಓಟ ನಿಲ್ಲಿಸಿ ನಡೆದುಬಿಡುತ್ತೇನೆ.

5ಕ್ಕೆ 4 ಸ್ಟಾರ್. ಒಂದು ಕಡಿತ ಆ ಐದನೇ ವಾರಕ್ಕೆ. 10ಕೆಗೆ ಇನ್ನೂ ಹೆಸರು ಕೊಟ್ಟಿಲ್ಲ, ಮೊದಲು ಆ ಉಳಿದ 1 ಕಿ.ಮೀ. ಆಗಲಿ.