ಇಲಿಯ ಹೆಜ್ಜೆ ಅಳೆಯೋಕೆ ಇಂಕೋ, ಗಾಜೋ?

ಸಯಾಟಿಕ್ ನರಕ್ಕೆ (ಸೊಂಟದಿಂದ ಹಿಂಗಾಲಿಗೆ ಇಳಿಯುವ ದಪ್ಪ ನರ) ಪೆಟ್ಟಾದ ಇಲಿ ಎಷ್ಟು ಚೇತರಿಸಿಕೊಂಡಿದೆ ಅಂತ ಅಳೆಯಬೇಕಾ? ಹಾಗಾದರೆ ಗಾಜಿನ ದಾರಿ ಮಾಡಿಕೊಳ್ಳಿ, ಕೆಳಗಿನಿಂದ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಪಾದಕ್ಕೆ ಇಂಕ್ ಹಚ್ಚಿ ಕಾಗದದ ಮೇಲೆ ನಡೆಸುವುದು ಬೇಡವೇ ಬೇಡ. ಇದು ನನಗೆ ಅರ್ಥವಾಗುವಷ್ಟರಲ್ಲಿ ಹನ್ನೆರಡು ಇಲಿಗಳ ಮೂರು ವಾರದ ಅಳತೆ ಕೈಬಿಟ್ಟು ಹೋಗಿತ್ತು.

ನಮ್ಮದು ಬೆಂಗಳೂರಿನ ಒಂದು ಚಿಕ್ಕ ಲ್ಯಾಬ್. ವಿಸ್ಟಾರ್ ತಳಿಯ ಇಲಿಗೆ ಅರಿವಳಿಕೆ ಕೊಟ್ಟು, ಒಂದು ತೊಡೆಯಲ್ಲಿ ಆ ನರವನ್ನು ಚಿಮುಟದಲ್ಲಿ ಒತ್ತುತ್ತೇವೆ. ಆಮೇಲೆ ಔಷಧ ಕೊಟ್ಟ ಗುಂಪು ಬೇಗ ನಡೆಯುತ್ತದೆಯೇ ಅಂತ ನೋಡುತ್ತೇವೆ. ಹೀಗೆ ಒತ್ತಿದ ನರ ಔಷಧ ಇಲ್ಲದೆಯೂ ಬೆಳೆಯುತ್ತದೆ. ಸುಮಾರು ನಾಲ್ಕು ವಾರಕ್ಕೆ ಇಲಿ ಹೆಚ್ಚುಕಮ್ಮಿ ಮೊದಲಿನ ಹಾಗೇ ನಡೆಯುತ್ತದೆ. ಅಂದರೆ ಗುಂಪುಗಳ ನಡುವಿನ ವ್ಯತ್ಯಾಸ ಕಾಣುವುದು ಎರಡನೇ, ಮೂರನೇ ವಾರದಲ್ಲೇ. ಆ ದಿನಗಳ ಅಳತೆ ಕೆಟ್ಟರೆ ಮುಗಿಯಿತು. ಅದೇ ಪ್ರಯೋಗವನ್ನು ಬೇರೆ ಇಲಿಗಳ ಮೇಲೆ ಮತ್ತೆ ಮಾಡಬೇಕು. ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಆ ಹನ್ನೆರಡು ಪ್ರಾಣಿಗಳು ಅನುಭವಿಸಿದ ನೋವು ಯಾವ ಉಪಯೋಗಕ್ಕೂ ಬರಲಿಲ್ಲ.

ಎಲ್ಲರೂ ಬಳಸುವ ಅಂಕ ಎಸ್‌ಎಫ್‌ಐ (ಸಯಾಟಿಕ್ ಫಂಕ್ಷನಲ್ ಇಂಡೆಕ್ಸ್). ಡಿ ಮೆಡಿನಾಸೆಲಿ ಮತ್ತು ಜೊತೆಗಾರರು 1982ರಲ್ಲಿ ಕೊಟ್ಟದ್ದು, 1989ರಲ್ಲಿ ಬೇನ್, ಮ್ಯಾಕಿನನ್, ಹಂಟರ್ ತಿದ್ದಿದ್ದು. ಹಿಂಗಾಲಿನ ಗುರುತಿನಲ್ಲಿ ಮೂರು ಅಳತೆ ಬೇಕು: ಹೆಜ್ಜೆಯ ಉದ್ದ (ಹಿಮ್ಮಡಿಯಿಂದ ಬೆರಳ ತುದಿಯವರೆಗೆ), ಒಂದರಿಂದ ಐದನೇ ಬೆರಳಿಗೆ ಇರುವ ಅಗಲ, ಎರಡರಿಂದ ನಾಲ್ಕನೇ ಬೆರಳಿಗೆ ಇರುವ ಅಗಲ. ಪ್ರತಿ ಅಳತೆಯಲ್ಲೂ ಪೆಟ್ಟಾದ ಕಾಲಿನದರಿಂದ ಚೆನ್ನಾಗಿರುವ ಕಾಲಿನದನ್ನು ಕಳೆದು, ಚೆನ್ನಾಗಿರುವ ಕಾಲಿನದರಿಂದಲೇ ಭಾಗಿಸುತ್ತೇವೆ. ಬಂದದ್ದನ್ನು ಕ್ರಮವಾಗಿ −38.3, 109.5, 13.3ರಿಂದ ಗುಣಿಸಿ ಕೂಡಿಸಿ, ಕೊನೆಗೆ 8.8 ಕಳೆಯಬೇಕು. ಸೊನ್ನೆಯ ಆಸುಪಾಸಿನಲ್ಲಿದ್ದರೆ ಕಾಲು ಸರಿ ಇದೆ. −100 ಅಂದರೆ ನರದ ಕೆಲಸ ಪೂರ್ತಿ ನಿಂತಿದೆ. (ಎರಡೂ ಕಾಲು ಒಂದೇ ಸಮ ಇದ್ದರೂ ಉತ್ತರ −8.8 ಬರುತ್ತದೆ. ಮೊದಲ ಸಲ ಲೆಕ್ಕ ಹಾಕುವವರು ಗಾಬರಿಯಾಗಬೇಡಿ.)

ಇಂಕಿನ ತೊಂದರೆ ಆ 109.5ರಲ್ಲೇ ಇದೆ. ನಮ್ಮ ಇಲಿಗಳ ಒಳ್ಳೆಯ ಕಾಲಿನ ಬೆರಳುಗಳು ಸುಮಾರು 20 ಮಿಲಿಮೀಟರ್ ಹರಡುತ್ತಿದ್ದವು. ಪೆಟ್ಟಾದ ಕಾಲಿನ ಅಗಲವನ್ನು ಬರೀ 1 ಮಿಲಿಮೀಟರ್ ತಪ್ಪಾಗಿ ಅಳೆದರೆ ಅಂಕ ಐದೂವರೆ ಹೆಚ್ಚುಕಡಿಮೆ ಆಗುತ್ತದೆ. ಹೆಜ್ಜೆಯ ಉದ್ದದಲ್ಲಿ ಅಷ್ಟೇ ತಪ್ಪಾದರೆ, 30 ಮಿಲಿಮೀಟರ್ ಹೆಜ್ಜೆಗೆ, ಒಂದೂಕಾಲರಷ್ಟು ಮಾತ್ರ. ಹಾಗಾಗಿ ಇಡೀ ಅಂಕ ನಿಂತಿರುವುದೇ ಬೆರಳ ತುದಿಯ ಮೇಲೆ. ಇಂಕ್ ಹರಡುವುದೂ ಸರಿಯಾಗಿ ಅಲ್ಲೇ.

ನಾನು ತಂದದ್ದು ಸ್ಟ್ಯಾಂಪ್ ಪ್ಯಾಡಿನ ಇಂಕ್ ಮತ್ತು ಡ್ರಾಯಿಂಗ್ ಶೀಟ್. ಮೊದಲ ದಿನ, ಪೆಟ್ಟಾಗುವ ಮುಂಚೆ, ಗುರುತುಗಳು ಬಹಳ ಅಂದವಾಗಿ ಬಂದವು. ಅದನ್ನೇ ನಂಬಿದೆ. ಒಂದು ವಾರ ಕಳೆದ ಮೇಲೆ ಪೆಟ್ಟಾದ ಕಾಲಿನ ಬೆರಳುಗಳು ಮುದುಡಿಕೊಂಡಿದ್ದವು. ಇಲಿ ಹಿಮ್ಮಡಿ ಊರಿ, ಪಾದ ಎಳೆದುಕೊಂಡು ನಡೆಯುತ್ತಿತ್ತು. ಮೊದಲ ಬೆರಳು ಎಲ್ಲಿ, ಎರಡನೆಯದು ಎಲ್ಲಿ ಅಂತ ಗೊತ್ತಾಗದ ಹಾಗೆ ಒಂದು ಉದ್ದದ ಮಸಿ ಗೆರೆ. ಅದರ ಮೇಲೆ ಬಾಲ ಎಳೆದ ಗುರುತು. ಇಂಕ್ ಜಾಸ್ತಿಯಾದರೆ ಕಾಗದದಲ್ಲಿ ಹಬ್ಬುತ್ತದೆ. ಕಡಿಮೆ ಹಚ್ಚಿದರೆ ಮೂರನೇ ಹೆಜ್ಜೆಗೇ ಒಣಗುತ್ತದೆ. ಇಲಿ ನಡುವೆ ನಿಂತು ಪಾದ ನೆಕ್ಕಿಕೊಂಡರೆ ಮತ್ತೆ ಹಿಡಿಯಬೇಕು, ಒರೆಸಬೇಕು, ಹಚ್ಚಬೇಕು. ನಾಲ್ಕನೇ ಸಲಕ್ಕೆ ಅದು ಹೆದರಿ ಓಡುತ್ತದೆ ಇಲ್ಲವೇ ಮೂಲೆ ಹಿಡಿದು ಕೂರುತ್ತದೆ. ಎರಡೂ ನಡಿಗೆಯಲ್ಲ ಅಲ್ವಾ?

ಕೊನೆಗೆ ನಾನು ಮತ್ತು ನನ್ನ ಜೂನಿಯರ್ ಅದೇ ಶೀಟುಗಳನ್ನು ಬೇರೆ ಬೇರೆ ಕೂತು ಅಳೆದೆವು. ಅಗಲದಲ್ಲಿ ಇಬ್ಬರಿಗೂ 2 ಮಿಲಿಮೀಟರ್ ವ್ಯತ್ಯಾಸ ಬಂದದ್ದು ಅಪರೂಪವಾಗಿರಲಿಲ್ಲ. ಅಂದರೆ ಹನ್ನೊಂದು ಅಂಕ. ನಾವು ಹುಡುಕುತ್ತಿದ್ದ ಔಷಧದ ಪರಿಣಾಮವೇ ಅಷ್ಟರದ್ದು. ಇಂಕಿನ ಕಾಗದ ಒಣಗಿದ ಮೇಲೆ ಹಿಂದಕ್ಕೆ ಹೋಗಿ ನೋಡಲು ಏನೂ ಉಳಿದಿರುವುದಿಲ್ಲ.

ಈ ಕಷ್ಟ ಹಳೆಯದು. ಬ್ರೋಮೋಫಿನಾಲ್ ಬ್ಲೂ ಅನ್ನೋ ಬಣ್ಣ ಹೀರಿಸಿ ಒಣಗಿಸಿದ ಕಾಗದದ ಮೇಲೆ ಬರೀ ನೀರು ಹಚ್ಚಿದ ಪಾದದಲ್ಲಿ ನಡೆಸುವ ದಾರಿಯನ್ನು 1988ರಲ್ಲೇ ಕಂಡುಕೊಂಡಿದ್ದರು. ಕಾಗದ ತೇವವಾದಲ್ಲಿ ನೀಲಿಯಾಗುತ್ತದೆ. ಅದನ್ನೂ ಮಾಡಿ ನೋಡಿದೆ. ಅಂಚು ಇಂಕಿಗಿಂತ ಚೂಪು, ಪಾದಕ್ಕೆ ಮಸಿ ಇಲ್ಲ. ಆದರೆ ನಾನು ಮಾಡಿದ್ದು ಜುಲೈ ಮಳೆಯಲ್ಲಿ. ಕಪಾಟಿನಲ್ಲಿಟ್ಟ ಕಾಗದ ಅಲ್ಲಲ್ಲಿ ತಾನೇ ನೀಲಿಯಾಗಿತ್ತು. ಬೇಸಿಗೆಯಲ್ಲಿ ಮಾಡುವವರಿಗೆ ಇದು ಪರವಾಗಿಲ್ಲ.

ಈಗ ಗಾಜಿನ ದಾರಿ. ಒಂದು ಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಕೆಳಗೆ ಗಾಜು, ಎರಡು ಬದಿ ಅಕ್ರಿಲಿಕ್, ತುದಿಯಲ್ಲಿ ಇಲಿಯ ಸ್ವಂತ ಪಂಜರದ ಹೊಟ್ಟು ಹಾಕಿದ ಕತ್ತಲೆ ಡಬ್ಬಿ. ಗಾಜಿನ ಕೆಳಗೆ 45 ಡಿಗ್ರಿಯಲ್ಲಿ ಕನ್ನಡಿ, ಅದರ ಎದುರು ಸ್ಟ್ಯಾಂಡಿನಲ್ಲಿ ಮೊಬೈಲ್. ಎಸ್.ಪಿ. ರಸ್ತೆಯ ಎಲ್‌ಇಡಿ ಪಟ್ಟಿಯೂ ಸೇರಿ ನನಗೆ ನಾಲ್ಕು ಸಾವಿರ ರೂಪಾಯಿ ಒಳಗೇ ಮುಗಿಯಿತು. ಸ್ಲೋ ಮೋಷನ್‌ನಲ್ಲಿ ತೆಗೆದು, ಪಾದ ಪೂರ್ತಿ ಊರಿದ ಫ್ರೇಮ್ ಹಿಡಿದು, ಇಮೇಜ್‌ಜೆ ತಂತ್ರಾಂಶದಲ್ಲಿ ಅಳೆಯುತ್ತೇನೆ. ಅದು ಉಚಿತ.

ಇಲ್ಲಿ ಬೆರಳ ತುದಿ ಬೆರಳ ತುದಿಯಾಗಿಯೇ ಕಾಣುತ್ತದೆ. ಮುದುಡಿದ್ದರೆ ಮುದುಡಿದೆ ಅಂತ ಗೊತ್ತಾಗುತ್ತದೆ. ಸಂಶಯ ಬಂದರೆ ಎರಡು ಫ್ರೇಮ್ ಹಿಂದೆ ಹೋಗಬಹುದು. ಕಡತದ ಹೆಸರು ಬದಲಾಯಿಸಿ, ಯಾವ ಗುಂಪು ಅಂತ ತಿಳಿಯದ ಜೂನಿಯರ್ ಕೈಲಿ ಅಳೆಸಬಹುದು. ಪಾದಕ್ಕೆ ಏನೂ ಹಚ್ಚುವುದಿಲ್ಲವಾದ್ದರಿಂದ ಮೂರು ದಿನ ಅಭ್ಯಾಸ ಮಾಡಿಸಿದ ಇಲಿ ಸುಮ್ನೆ ನಡೆದು ಡಬ್ಬಿಗೆ ಹೋಗುತ್ತದೆ.

ಕೆಲವು ಎಚ್ಚರಿಕೆ ಬೇಕು. ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಗಾಜಿನಲ್ಲಿ ಅದೇ ಹೊಳೆಯುತ್ತದೆ. ಇಲಿ ಉಚ್ಚೆ ಹೊಯ್ದರೆ ಆಗಲೇ ಒರೆಸಿ. ಅಳತೆಪಟ್ಟಿಯನ್ನು ಗಾಜಿನ ಮೇಲೇ ಅಂಟಿಸಿ. ಮೊಬೈಲ್ ಸ್ವಲ್ಪ ವಾಲಿದರೂ ಅಳತೆ ಕೆಡುತ್ತದೆ, ಆದ್ದರಿಂದ ದಾರಿಯ ನಡುವಿನ ಹೆಜ್ಜೆಗಳನ್ನಷ್ಟೇ ತೆಗೆದುಕೊಳ್ಳಿ. ಎಡ ಬಲ ಅದಲು ಬದಲಾದರೆ ಅಂಕವೇ ತಿರುಗುಮುರುಗು. ಅದಕ್ಕೆ ಗಾಜಿನ ಒಂದು ಅಂಚಿಗೆ ಕೆಂಪು ಟೇಪ್ ಹಾಕಿದ್ದೇನೆ.

ಸ್ವಯಂಚಾಲಿತ ಯಂತ್ರವನ್ನು ಬೇರೆ ಸಂಸ್ಥೆಯೊಂದರಲ್ಲಿ ಎರಡು ದಿನ ಬಳಸಿದೆ. ಗಾಜಿನೊಳಗೆ ಬೆಳಕು ಹರಿಯುತ್ತದೆ, ಪಾದ ತಾಗಿದಲ್ಲಿ ಮಾತ್ರ ಹೊಳೆಯುತ್ತದೆ. ಪಾದ ಎಷ್ಟು ಹೊತ್ತು ಊರಿತ್ತು, ಎಷ್ಟು ಬೇಗ ಎತ್ತಿತು, ಎಲ್ಲವೂ ಸಿಗುತ್ತದೆ. ಬಹಳ ಒಳ್ಳೆಯದು. ಆದರೆ ಲಕ್ಷಗಳ ಲೆಕ್ಕ, ನಮ್ಮ ಗ್ರಾಂಟಿಗೆ ಆಗದು.

ಇಲಿ ನಡೆಯಲೇ ಒಪ್ಪದಿದ್ದರೆ ಸುಮ್ನೆ ನಿಂತಿರುವಾಗ ಕೆಳಗಿನಿಂದ ಫೋಟೊ ತೆಗೆದು ಎಸ್‌ಎಸ್‌ಐ (ಸ್ಟ್ಯಾಟಿಕ್ ಸಯಾಟಿಕ್ ಇಂಡೆಕ್ಸ್) ಲೆಕ್ಕ ಹಾಕಬಹುದು. 2000ದಲ್ಲಿ ಬೆರ್ವಾರ್ ಕೊಟ್ಟ ಈ ಸೂತ್ರದಲ್ಲಿ ಬೆರಳ ಅಗಲಗಳು ಮಾತ್ರ ಇವೆ, ಹೆಜ್ಜೆಯ ಉದ್ದ ಇಲ್ಲ. ಅದೇ ಗಾಜು, ಅದೇ ಮೊಬೈಲ್ ಸಾಕು.

ಇಲಿಯ ನಡಿಗೆಗೆ ಕೊಡುವ ಇನ್ನೊಂದು ಅಂಕ, ಬಿಬಿಬಿ (ಬಾಸ್ಸೊ, ಬೀಟಿ, ಬ್ರೆಸ್ನಹನ್), ಬೆನ್ನುಹುರಿಯ ಪೆಟ್ಟಿಗೆ. ಇದಕ್ಕಲ್ಲ.

ನರ ಪೂರ್ತಿ ಕತ್ತರಿಸಿದ ಪ್ರಯೋಗವಾದರೆ ನನ್ನ ಗಾಜಿನ ದಾರಿಯೂ ಸೋಲುತ್ತದೆ. ಬೆರಳುಗಳು ಮುದುಡಿ ಗಟ್ಟಿಯಾದರೆ ಅಥವಾ ಇಲಿ ತನ್ನ ಬೆರಳನ್ನೇ ಕಚ್ಚಿಕೊಂಡರೆ ಅಳೆಯಲು ಏನೂ ಇರುವುದಿಲ್ಲ. ಅಂಥ ಕಡೆ ಪಕ್ಕದಿಂದ ವಿಡಿಯೊ ತೆಗೆದು ಕಣಕಾಲಿನ ಕೋನ ನೋಡುವುದು, ಕೊನೆಗೆ ಮೀನಖಂಡದ ಸ್ನಾಯುವಿನ ತೂಕ ಹೋಲಿಸುವುದು ಮೇಲು.

ನಾನು ಸಂಜೆ ನಿಧಾನವಾಗಿ ಕೂತು ಅಳೆಯುವವಳು, ಒಂದು ಸಲಕ್ಕೆ ಹತ್ತು ಹನ್ನೆರಡು ಇಲಿಗಳಿಗಿಂತ ಜಾಸ್ತಿ ಇರುವುದಿಲ್ಲ. ನನಗೆ ಗಾಜು ಮತ್ತು ಮೊಬೈಲ್ ಸಾಕು. ದಿನಕ್ಕೆ ಐವತ್ತು ಇಲಿ ನಡೆಸುವ ದೊಡ್ಡ ಲ್ಯಾಬಿನವರು ಯಂತ್ರಕ್ಕೇ ಅರ್ಜಿ ಹಾಕಲಿ. ಉಳಿದ ಡ್ರಾಯಿಂಗ್ ಶೀಟುಗಳನ್ನು ಜೂನಿಯರ್ ತನ್ನ ತಂಗಿಗೆ ಕೊಟ್ಟಿದ್ದಾಳೆ. ಹೊಸ ಗುಂಪಿನ ಅಭ್ಯಾಸ ಸೋಮವಾರ ಶುರು.